ನೂರೆಪ್ಪತ್ತೆರಡನೇ ದಿನ

ಬ್ಯಾಟು ಹಿಡಿಯದೆ, ಚೆಂಡು ಎಸೆಯದೆ, ಮೈಗೆ ಒಂದಿಷ್ಟು ಮಣ್ಣೂ ತಾಗಿಸಿಕೊಳ್ಳದೆ ಆಡುವ ಬೇಸ್‌ಬಾಲ್ ಆಟವೊಂದಿದೆ. ಅದರ ಹೆಸರು ‘ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್’. ಕಂಪ್ಯೂಟರಿನಲ್ಲಿ ಆಡುವಂಥದ್ದು. ಹುಡುಗರು ಪಟಪಟ ಗುಂಡಿ ಒತ್ತಿ ಹೊಡೆತ ಬಾರಿಸುವ ಜಾತಿಯದಲ್ಲ ಇದು. ಇಲ್ಲಿ ನೀವು ತಂಡದ ಜನರಲ್ ಮ್ಯಾನೇಜರ್. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ವರ್ಷದ ಕರಾರು, ಎಷ್ಟು ಸಂಬಳ, ಇವೆಲ್ಲ ನಿಮ್ಮ ತಲೆನೋವು. ಪಂದ್ಯವನ್ನು ಕಂಪ್ಯೂಟರೇ ಆಡಿಸಿ ಫಲಿತಾಂಶ ಒಪ್ಪಿಸುತ್ತದೆ. ಬೇಕೆನಿಸಿದರೆ ಒಂದೊಂದು ಎಸೆತವನ್ನೂ ಕೂತು ನೋಡಬಹುದು. ಬೇಡವೆಂದರೆ ಇಡೀ ತಿಂಗಳನ್ನು ಒಂದೇ ಏಟಿಗೆ ದಾಟಿ ಹೋಗಬಹುದು. ಆಡುವವರಲ್ಲಿ ಬಹಳ ಜನ ದಾಟಿಯೇ ಹೋಗುತ್ತಾರೆ. ಅವರಿಗೆ ಬೇಕಾದ ಬೇಸ್‌ಬಾಲ್ ಇರುವುದು ಸಂಬಳದ ಪಟ್ಟಿಯಲ್ಲಿ.

ಅಮೆರಿಕನ್ನರ ಈ ಪರಮಪ್ರಿಯ ಆಟವನ್ನು ಕಂಪ್ಯೂಟರಿಗೆ ಇಷ್ಟು ಸೂಕ್ಷ್ಮವಾಗಿ ಇಳಿಸಿದವರು ಅಮೆರಿಕನ್ನರಲ್ಲ ಎನ್ನುವುದು ಒಂದು ತಮಾಷೆ. ಮಾರ್ಕುಸ್ ಹೈನ್‌ಸೋನ್ ಎಂಬ ಜರ್ಮನ್. ಫುಟ್‌ಬಾಲಿಗೆ ಉಸಿರು ಕೊಡುವ ದೇಶದಲ್ಲಿ ಕೂತು 1999ರಲ್ಲಿ ಮೊದಲ ಆವೃತ್ತಿಯನ್ನು ತಂದರು. ಇಪ್ಪತ್ತು ವರ್ಷ ದಾಟಿದ ಮೇಲೆ, 2020ರಲ್ಲಿ, ಅದನ್ನು ಕೊರಿಯಾದ ಕಾಮ್‌ಟೂಸ್ ಕಂಪನಿ ಕೊಂಡಿತು. ಈ ಬಗೆಯ ಆಟಕ್ಕೆ ಅಮೆರಿಕದಲ್ಲಿ ಹಳೆಯ ವಂಶವೇನೋ ಇದೆ. 1961ರಲ್ಲಿ ಹಾಲ್ ರಿಚ್‌ಮನ್ ಎನ್ನುವವರು ‘ಸ್ಟ್ರಾಟ್-ಓ-ಮ್ಯಾಟಿಕ್’ ಎಂಬ ಆಟವನ್ನು ಮಾರುಕಟ್ಟೆಗೆ ತಂದರು. ಆಟಗಾರನಿಗೊಂದು ಕಾರ್ಡು, ಜೊತೆಗೆ ದಾಳ. ದಾಳ ಉರುಳಿಸಿ ಕಾರ್ಡಿನಲ್ಲಿ ಬರೆದದ್ದನ್ನು ಓದಿಕೊಂಡರೆ ಪಂದ್ಯ ನಡೆಯುತ್ತಿತ್ತು. 1968ರಲ್ಲಿ ರಾಬರ್ಟ್ ಕೂವರ್ ಇಂಥದೇ ದಾಳದ ಬೇಸ್‌ಬಾಲಿನಲ್ಲಿ ಮುಳುಗಿಹೋದ ಒಬ್ಬ ಒಂಟಿ ಮನುಷ್ಯನ ಬಗ್ಗೆ ಕಾದಂಬರಿ ಬರೆದರು. ಆ ಕಥಾನಾಯಕನ ಉದ್ಯೋಗ ಏನೆಂದುಕೊಂಡಿರಿ? ಲೆಕ್ಕಪತ್ರ ಬರೆಯುವ ಗುಮಾಸ್ತಿಕೆ. ಕೂವರ್ ಮನುಷ್ಯರನ್ನು ಬಲ್ಲವರು.

ನನಗೆ ಈ ಆಟ ಹತ್ತಿಸಿದವನು ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ. ನಾನು ಪಂದ್ಯ ನೋಡುವ ಆತುರದಲ್ಲಿದ್ದರೆ ಅವನು ತಡೆದು, “ಮಾವ, ಪಂದ್ಯ ಆಮೇಲೆ ನೋಡಿದ್ರಾಯ್ತು, ಮೊದ್ಲು ಈ ಲೆಕ್ಕ ನೋಡಿ” ಎಂದ. ಎಡಗಡೆ ಆಟಗಾರರ ಹೆಸರುಗಳ ಸಾಲು, ಬಲಗಡೆ ಮುಂದಿನ ವರ್ಷಗಳ ಕಂಬಸಾಲು, ಒಂದೊಂದು ಮನೆಯಲ್ಲಿ ಆ ವರ್ಷದ ಸಂಬಳ. ಈ ವರ್ಷದ ಕಂಬಸಾಲು ತುಂಬಿ ತುಳುಕುತ್ತಿರುತ್ತದೆ. ಬಲಕ್ಕೆ ಹೋದಂತೆಲ್ಲ ಮನೆಗಳು ಖಾಲಿಯಾಗುತ್ತ ಕೊನೆಗೆ ಒಂದೋ ಎರಡೋ ದೊಡ್ಡ ಅಂಕಿಗಳು ಮಾತ್ರ ಉಳಿಯುತ್ತವೆ. ಆ ಅಂಕಿಗಳ ಎದುರಿನ ಹೆಸರು ನೋಡಿದರೆ ಅವನಿಗೆ ಆಗಲೇ ಮೂವತ್ತನಾಲ್ಕು. ಆಟದ ಸಂಕಟವೆಲ್ಲ ಇರುವುದು ಅಲ್ಲೇ.

ಇದು ಅರ್ಥವಾಗಬೇಕಾದರೆ ಅಮೆರಿಕದ ಮೇಜರ್ ಲೀಗಿನ ಕಟ್ಟಳೆ ಸ್ವಲ್ಪ ಗೊತ್ತಿರಬೇಕು. ಮೂವತ್ತು ತಂಡಗಳು, ತಂಡಕ್ಕೆ ವರ್ಷಕ್ಕೆ 162 ಪಂದ್ಯ. ಮೈದಾನಕ್ಕಿಳಿಯಲು ಅರ್ಹರಾದವರು 26 ಮಂದಿ. ಅವರೂ ಸೇರಿದ ದೊಡ್ಡ ಪಟ್ಟಿಯಲ್ಲಿ 40. ಅದರ ಕೆಳಗೆ ಮೈನರ್ ಲೀಗಿನ ಮೆಟ್ಟಿಲುಗಳಲ್ಲಿ ಕಾಯುತ್ತಿರುವ ಹುಡುಗರ ದಂಡು. ನಮ್ಮ ಐಪಿಎಲ್ ನೋಡಿದವರಿಗೆ ಹರಾಜು ಗೊತ್ತು, ತಂಡದ ಕೈಚೀಲ ಗೊತ್ತು. 2025ರ ಋತುವಿಗೆ ಒಂದೊಂದು ತಂಡಕ್ಕೂ 120 ಕೋಟಿ ರೂಪಾಯಿ. ಒಂದು ರೂಪಾಯಿ ಹೆಚ್ಚಿಲ್ಲ. ಮೇಜರ್ ಲೀಗಿನಲ್ಲಿ ಹರಾಜೂ ಇಲ್ಲ, ಅಂಥ ಬಿಗಿಯಾದ ಮಿತಿಯೂ ಇಲ್ಲ. ಮಾಲೀಕನ ಜೇಬು ಎಷ್ಟು ಆಳವೋ ಅಷ್ಟು. 2002ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಸಂಬಳದ ಮೊತ್ತ ಸುಮಾರು ಹನ್ನೆರಡೂವರೆ ಕೋಟಿ ಡಾಲರ್, ಓಕ್‌ಲ್ಯಾಂಡಿನದು ಸುಮಾರು ನಾಲ್ಕು ಕೋಟಿ. ಆ ವರ್ಷ ಎರಡೂ ಗೆದ್ದದ್ದು 103 ಪಂದ್ಯ. ಮೈಕೇಲ್ ಲೂಯಿಸ್ ‘ಮನಿಬಾಲ್’ ಪುಸ್ತಕ ಬರೆದದ್ದು ಈ ಬೆರಗಿನಿಂದಲೇ.

ಓಕ್‌ಲ್ಯಾಂಡಿನ ಜಾಣತನದ ಬಗ್ಗೆ ಸಾಕಷ್ಟು ಬರೆದಾಗಿದೆ, ಸಿನಿಮಾವೂ ಬಂತು. ಆದರೆ ಬಡ ತಂಡ ಬದುಕುವ ದಾರಿ ಜಾಣತನಕ್ಕಿಂತ ಹೆಚ್ಚಾಗಿ ಒಂದು ನಿಯಮದಲ್ಲಿದೆ ಎಂದು ನನಗೆ ತೋರಿದ್ದು ಈ ಕಂಪ್ಯೂಟರ್ ಆಟದಿಂದ. ನಿಯಮ ಇಷ್ಟು. ಹುಡುಗನೊಬ್ಬ ಮೇಜರ್ ಲೀಗಿಗೆ ಬಂದ ಮೇಲೆ ಆರು ವರ್ಷದ ಸೇವೆ ಮುಗಿಸುವವರೆಗೆ ಅವನು ಆ ತಂಡದ ಹಕ್ಕಿನವನು. ಮೊದಲ ಮೂರು ವರ್ಷ ಅವನಿಗೆ ಸಿಗುವುದು ಹೆಚ್ಚುಕಡಿಮೆ ಕನಿಷ್ಠ ಸಂಬಳ. 2025ರಲ್ಲಿ ಅದು 7 ಲಕ್ಷ 60 ಸಾವಿರ ಡಾಲರ್. ಕೇಳಲು ದೊಡ್ಡ ಮೊತ್ತವೇ. ಆದರೆ ಅದೇ ಕೆಲಸವನ್ನು ಅವನಷ್ಟೇ ಚೆನ್ನಾಗಿ ಮಾಡುವ ಮೂವತ್ತರ ಆಟಗಾರ ಮೂರು ಕೋಟಿ ಡಾಲರ್ ಎಣಿಸಿಕೊಳ್ಳುತ್ತಿರುತ್ತಾನೆ. ನಂತರದ ಮೂರು ವರ್ಷ ಸಂಬಳ ಮಧ್ಯಸ್ಥಿಕೆಯಲ್ಲಿ ತೀರ್ಮಾನವಾಗುತ್ತದೆ. ಆರು ವರ್ಷ ಮುಗಿದ ಮೇಲೆ ಅವನು ಸ್ವತಂತ್ರ, ಅಂದರೆ ಫ್ರೀ ಏಜೆಂಟ್. ಯಾವ ತಂಡದ ಜೊತೆ ಬೇಕಾದರೂ ಮಾತನಾಡಬಹುದು.

ಈಗ ಇದರೊಳಗಿನ ಸೂಜಿಮೊನೆ ನೋಡಿ. ಋತುವಿಗೆ ಸುಮಾರು 187 ದಿನ. ಅದರಲ್ಲಿ 172 ದಿನ ಮೇಜರ್ ಲೀಗಿನ ಪಟ್ಟಿಯಲ್ಲಿದ್ದರೆ ಒಂದು ವರ್ಷದ ಸೇವೆ ಪೂರ್ತಿ. 171 ದಿನ ಇದ್ದರೆ ಇಲ್ಲ. ಆ ಒಂದು ದಿನ ಕಡಿಮೆಯಾಯಿತೋ, ಹುಡುಗನ ಬಿಡುಗಡೆ ಇಡೀ ಒಂದು ವರ್ಷ ಮುಂದಕ್ಕೆ ಹೋಗುತ್ತದೆ.

ಕ್ರಿಸ್ ಬ್ರ್ಯಾಂಟ್ ಎಂಬ ಹುಡುಗನ ಕಥೆ ಬೇಸ್‌ಬಾಲ್ ಬಲ್ಲವರಿಗೆಲ್ಲ ಬಾಯಿಪಾಠ. ಶಿಕಾಗೋ ಕಬ್ಸ್ ತಂಡ 2013ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸುವ ಏರ್ಪಾಡಿನಲ್ಲಿ, ಎರಡನೆಯವನಾಗಿ ಆರಿಸಿಕೊಂಡ ಆಟಗಾರ. 2014ರಲ್ಲಿ ಮೈನರ್ ಲೀಗಿನಲ್ಲಿ 43 ಹೋಮ್ ರನ್ ಬಾರಿಸಿದ. 2015ರ ವಸಂತದ ಅಭ್ಯಾಸ ಪಂದ್ಯಗಳಲ್ಲಿ ಇನ್ನೂ ಒಂಬತ್ತು. ಇನ್ನೇನು ಬೇಕು? ಆದರೂ ಋತು ಆರಂಭವಾದ ದಿನ ಅವನು ಮೈನರ್ ಲೀಗಿನಲ್ಲೇ ಇದ್ದ. ಫೀಲ್ಡಿಂಗ್ ಇನ್ನಷ್ಟು ಸುಧಾರಿಸಬೇಕು ಎಂಬ ಕಾರಣ ಕೊಟ್ಟರು. ಏಪ್ರಿಲ್ 17ಕ್ಕೆ ಮೇಲೆ ಕರೆಸಿಕೊಂಡರು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಸೇವೆಯ ದಿನಗಳು ಸರಿಯಾಗಿ 171. ಫೀಲ್ಡಿಂಗು ಎರಡು ವಾರದಲ್ಲಿ ಎಷ್ಟು ಸುಧಾರಿಸಿತೋ ದೇವರೇ ಬಲ್ಲ. ಅವನು ಆ ವರ್ಷದ ಶ್ರೇಷ್ಠ ಹೊಸಬನೆಂಬ ಪ್ರಶಸ್ತಿ ಗೆದ್ದ. ಮರುವರ್ಷ ಕಬ್ಸ್ ತಂಡ 1908ರ ನಂತರ ಮೊದಲ ಬಾರಿ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಬ್ರ್ಯಾಂಟ್ ಆಟಗಾರರ ಯೂನಿಯನ್ ಮೂಲಕ ದೂರು ಕೊಟ್ಟ. ತೀರ್ಪು ಬಂದದ್ದು 2020ರಲ್ಲಿ, ಅವನ ವಿರುದ್ಧ. 2020ಕ್ಕೆ ಸ್ವತಂತ್ರನಾಗಬೇಕಿದ್ದವನು 2021 ಮುಗಿಯುವ ತನಕ ಕಾದ.

ಈ ಸುದ್ದಿ ಓದಿದಾಗ ಯಾರ ಪಕ್ಷ ವಹಿಸುತ್ತೀರಿ? ಹುಡುಗನ ಪಕ್ಷ. ನಾನೂ ಹಾಗೆಯೇ. ಆದರೆ ಕಂಪ್ಯೂಟರಿನ ಮುಂದೆ ಕೂತು, ಕ್ಲೀವ್‌ಲ್ಯಾಂಡೋ ಪಿಟ್ಸ್‌ಬರ್ಗೋ ಯಾವುದಾದರೂ ಬಡ ತಂಡವನ್ನು ವಹಿಸಿಕೊಂಡು ನೋಡಿ. ಮೈನರ್ ಲೀಗಿನಲ್ಲಿ ಇಪ್ಪತ್ತೊಂದು ವರ್ಷದವನೊಬ್ಬ ಹಣ್ಣಾಗಿ ನಿಂತಿದ್ದಾನೆ. ಮಾರ್ಚ್ ಕೊನೆ. ಪರದೆಯ ಮೇಲೆ ಅವನ ಸೇವೆಯ ದಿನಗಳು ಸೊನ್ನೆ. ಕೈ ತಾನಾಗಿಯೇ ಪಂಚಾಂಗ ಎಣಿಸುತ್ತದೆ. ಏಪ್ರಿಲ್ ನಡುವಿನ ತನಕ ತಡೆದರೆ ಒಂದು ವರ್ಷ ಉಚಿತ! ಎಷ್ಟೋ ಸಜ್ಜನರು, ಮನೆಗೆಲಸದವಳ ಸಂಬಳದಲ್ಲಿ ಒಂದು ದಿನ ಹಿಡಿಯಲು ಹಿಂಜರಿಯುವಂಥವರು, ಇಲ್ಲಿ ಎರಡನೇ ಯೋಚನೆ ಮಾಡುವುದಿಲ್ಲ. ಪರದೆಯ ಹುಡುಗ ದೂರು ಕೊಡುವುದಿಲ್ಲ, ಯೂನಿಯನ್ ಕಚೇರಿಗೆ ಹೋಗುವುದಿಲ್ಲ. ಏಪ್ರಿಲ್ ನಡುವಿಗೆ ಬಂದು ಹೊಡೆಯಲು ನಿಲ್ಲುತ್ತಾನೆ, ಅಷ್ಟೇ.

ಮಧ್ಯಸ್ಥಿಕೆಯ ವರ್ಷಗಳದು ಇನ್ನೊಂದು ಬಗೆ. ತಂಡ ಒಂದು ಮೊತ್ತ ಹೇಳುತ್ತದೆ, ಆಟಗಾರ ಒಂದು ಮೊತ್ತ ಹೇಳುತ್ತಾನೆ. ಮೂವರ ಪೀಠ ಎರಡರಲ್ಲಿ ಒಂದನ್ನು ಆರಿಸಬೇಕು. ನಡುವಿನದ್ದೊಂದು ಹೇಳಿ ಇಬ್ಬರನ್ನೂ ಸಮಾಧಾನ ಮಾಡುವ ನಮ್ಮೂರ ಪಂಚಾಯಿತಿಯ ಪದ್ಧತಿ ಅಲ್ಲಿಲ್ಲ. ಹಾಗಾಗಿ ಎರಡು ಕಡೆಯೂ ಅತಿರೇಕಕ್ಕೆ ಹೋಗಲು ಹೆದರುತ್ತವೆ, ಮೊತ್ತಗಳು ಹತ್ತಿರ ಹತ್ತಿರ ಬರುತ್ತವೆ. ಚೆನ್ನಾದ ಏರ್ಪಾಡೇ. ತೊಂದರೆಯೆಂದರೆ, ವಿಚಾರಣೆಯ ದಿನ ತಂಡದ ವಕೀಲರು ಎದುರಿಗೆ ಕೂತ ತಮ್ಮದೇ ಆಟಗಾರನ ಕುಂದುಗಳನ್ನು ಪಟ್ಟಿ ಮಾಡಿ ಓದಬೇಕಾಗುತ್ತದೆ. ಮಿಲ್ವಾಕಿ ತಂಡದಲ್ಲಿ ಚೆಂಡು ಎಸೆಯುವ ಪಿಚರ್ ಆಗಿದ್ದ ಕಾರ್ಬಿನ್ ಬರ್ನ್ಸ್ 2021ರಲ್ಲಿ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವನು. 2023ರಲ್ಲಿ ಅವನು ಕೇಳಿದ್ದು 1 ಕೋಟಿ 7 ಲಕ್ಷ 50 ಸಾವಿರ ಡಾಲರ್, ತಂಡ ಕೊಡುತ್ತೇನೆಂದದ್ದು 1 ಕೋಟಿ 10 ಸಾವಿರ. ತಂಡ ಗೆದ್ದಿತು. ಉಳಿಸಿದ್ದು 7 ಲಕ್ಷ 40 ಸಾವಿರ. ಸಂಬಂಧಕ್ಕೆ ಪೆಟ್ಟಾಯಿತೆಂದು ಬರ್ನ್ಸ್ ಬಹಿರಂಗವಾಗಿಯೇ ಹೇಳಿದ. ಮರುವರ್ಷ ಅವನು ಬಾಲ್ಟಿಮೋರ್ ತಂಡದಲ್ಲಿದ್ದ. ಕಂಪ್ಯೂಟರಿನಲ್ಲಿ ಈ ಕಹಿ ಅಷ್ಟಾಗಿ ನಾಟುವುದಿಲ್ಲ. ಆಟಗಾರನ ಮನಸ್ಥಿತಿಗೂ ಒಂದು ಅಳತೆ ಇಟ್ಟಿದ್ದಾರೆ ನಿಜ. ಆದರೆ ಅವಮಾನ ಪಟ್ಟವನು ಕೋಣೆಯಿಂದ ಹೊರಬರುವಾಗಿನ ಮುಖಕ್ಕೆ ಯಾವ ಅಳತೆ ಹಿಡಿಯಲು ಸಾಧ್ಯ?

ಇವೆಲ್ಲವನ್ನೂ ತಪ್ಪಿಸುವ ಒಂದು ಹಾದಿಯಿದೆ. ಆಟ ಬಲ್ಲವರು ಹೊಸಬರಿಗೆ ಮೊದಲು ಕಲಿಸುವುದು ಅದನ್ನೇ. ಹುಡುಗ ಇನ್ನೂ ಎಳೆಯನಾಗಿರುವಾಗಲೇ ಅವನೊಂದಿಗೆ ಏಳೆಂಟು ವರ್ಷದ ಕರಾರು ಮಾಡಿಕೊಂಡುಬಿಡುವುದು. ಶ್ರೀನಿವಾಸಪುರದ ಕಡೆ ಮಾವಿನ ತೋಪು ಹೂ ಬಿಟ್ಟಾಗಲೇ ವ್ಯಾಪಾರಿ ಬಂದು ಫಸಲಿನ ಗುತ್ತಿಗೆ ಮಾತನಾಡುತ್ತಾನಲ್ಲ, ಹಾಗೆ. ಹೂ ಉದುರಿದರೆ ನಷ್ಟ ವ್ಯಾಪಾರಿಯದು, ಕಾಯಿ ಕಚ್ಚಿದರೆ ಲಾಭವೂ ಅವನದೇ. ತೋಪಿನವನಿಗೆ ಈ ರಾತ್ರಿ ನಿದ್ದೆ ಬರುತ್ತದೆ. 1990ರ ದಶಕದಲ್ಲಿ ಕ್ಲೀವ್‌ಲ್ಯಾಂಡಿನ ಜಾನ್ ಹಾರ್ಟ್ ಈ ಪದ್ಧತಿಯನ್ನು ರೂಢಿಗೆ ತಂದರು. 2008ರಲ್ಲಿ ಟ್ಯಾಂಪಾ ಬೇ ತಂಡ ಎವನ್ ಲಾಂಗೋರಿಯಾ ಎಂಬವನ ಜೊತೆ ಆರು ವರ್ಷಕ್ಕೆ 1 ಕೋಟಿ 75 ಲಕ್ಷ ಡಾಲರಿನ ಕರಾರು ಮಾಡಿಕೊಂಡಾಗ ಅವನು ಮೇಜರ್ ಲೀಗಿಗೆ ಬಂದು ಒಂದು ವಾರವೂ ಆಗಿರಲಿಲ್ಲ. ಆನಂತರದ ವರ್ಷಗಳ ಆಯ್ಕೆಯೂ ತಂಡದ ಕೈಯಲ್ಲೇ. 2019ರಲ್ಲಿ ಅಟ್ಲಾಂಟಾ ತಂಡ ಓಜಿ ಆಲ್ಬೀಸ್‌ಗೆ ಏಳು ವರ್ಷಕ್ಕೆ ಬರೀ 3 ಕೋಟಿ 50 ಲಕ್ಷ ಬರೆದುಕೊಟ್ಟಾಗ ಬೇಸ್‌ಬಾಲ್ ಬರಹಗಾರರೇ ಹುಡುಗನ ಪರವಾಗಿ ಸಿಟ್ಟಾದರು. ಅದೇ ತಿಂಗಳು ಅದೇ ತಂಡ ರೊನಾಲ್ಡ್ ಅಕೂನ್ಯಾಗೆ ಎಂಟು ವರ್ಷಕ್ಕೆ 10 ಕೋಟಿ ಕೊಟ್ಟಿತು. 2023ರಲ್ಲಿ ಅಕೂನ್ಯಾ 41 ಹೋಮ್ ರನ್ ಹೊಡೆದು, 73 ಬೇಸ್ ಕದ್ದು ಲೀಗಿನ ಅತ್ಯಮೂಲ್ಯ ಆಟಗಾರನೆನಿಸಿದ. ಆ ವರ್ಷದ ಅವನ ಸಂಬಳ 1 ಕೋಟಿ 70 ಲಕ್ಷ. ಪೇಟೆಯ ದರದಲ್ಲಿ ಅದರ ಎರಡರಷ್ಟು ಕೊಟ್ಟರೂ ಅಂಥವನು ಸಿಗುವುದು ಅನುಮಾನ.

‘ಔಟ್ ಆಫ್ ದಿ ಪಾರ್ಕ್’ನಲ್ಲಿ ಈ ಚೌಕಾಸಿ ನಡೆಯುವ ರೀತಿ ಸೊಗಸಾಗಿದೆ. ಆಟಗಾರರಿಗೆ ಸ್ವಭಾವಗಳಿವೆ. ಒಬ್ಬನಿಗೆ ಹಣದಾಸೆ ಹೆಚ್ಚು. ಒಬ್ಬನಿಗೆ ಊರಿನ ಮೇಲೆ, ತಂಡದ ಮೇಲೆ ನಿಷ್ಠೆ. ಇನ್ನೊಬ್ಬನಿಗೆ ಗೆಲ್ಲುವ ತಂಡದಲ್ಲಿರಬೇಕೆಂಬ ಹಟ. ನೀವು ತೀರ ಕಡಿಮೆ ಹೇಳಿದರೆ ಮುನಿಸಿಕೊಂಡು ಮಾತು ಮುರಿದು ಏಳುವವರೂ ಇದ್ದಾರೆ. ಬರೀ ಮೊತ್ತದ ಮೇಲೆ ಕರಾರು ನಿಲ್ಲುವುದಿಲ್ಲ. ಕೊನೆಯ ವರ್ಷ ಬೇಕೋ ಬೇಡವೋ ಎಂದು ನಿರ್ಧರಿಸುವ ಹಕ್ಕು ತಂಡಕ್ಕೋ ಆಟಗಾರನಿಗೋ? ನಡುವಿನಲ್ಲೇ ಕರಾರು ಬಿಟ್ಟು ಹೊರಡುವ ಅವಕಾಶ ಕೊಡಬೇಕೋ? ತನ್ನ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕಳಿಸಬಾರದೆಂಬ ಷರತ್ತು ಕೇಳಿದರೆ? ಇಷ್ಟು ಪಂದ್ಯ ಆಡಿದರೆ, ಇಂಥ ಪ್ರಶಸ್ತಿ ಗೆದ್ದರೆ ಇಷ್ಟು ಬೋನಸ್ ಎಂದು ಬರೆಯಬಹುದು. ಹಣದ ಬದಲು ಇಂಥ ಷರತ್ತುಗಳನ್ನು ಕೊಟ್ಟು ಮೊತ್ತ ಇಳಿಸುವುದರಲ್ಲಿ ಒಂದು ಸುಖವಿದೆ. ಬಟ್ಟೆಯಂಗಡಿಯಲ್ಲಿ ದರ ಇಳಿಸಿ ಹೊರಬಂದವರಿಗೆ ಅದು ಗೊತ್ತಿರುತ್ತದೆ.

ಫ್ರೀ ಏಜೆಂಟುಗಳ ಪೇಟೆ ತೆರೆಯುವುದು ಚಳಿಗಾಲದಲ್ಲಿ. ಮೊದಲ ವಾರ ಎಲ್ಲರ ಬೇಡಿಕೆಯೂ ಆಕಾಶದಲ್ಲಿರುತ್ತದೆ. ವಸಂತ ಹತ್ತಿರವಾದ ಹಾಗೆ ಇನ್ನೂ ಕೆಲಸ ಸಿಗದವರ ದರ ಇಳಿಯುತ್ತ ಬರುತ್ತದೆ. ಫೆಬ್ರುವರಿಯಲ್ಲಿ ಕೊಳ್ಳುವವನು ಡಿಸೆಂಬರಿನಲ್ಲಿ ಕೊಂಡವನಿಗಿಂತ ಜಾಣ. ಆದರೆ ನಕ್ಷತ್ರದಂಥ ಆಟಗಾರ ಫೆಬ್ರುವರಿ ತನಕ ಉಳಿಯುವುದಿಲ್ಲವಾದ್ದರಿಂದ ಮನಸ್ಸು ಡಿಸೆಂಬರಿನಲ್ಲೇ ಕರಗುತ್ತದೆ. ಮೂವತ್ತೆರಡರವನಿಗೆ ಎಂಟು ವರ್ಷ ಬರೆದುಕೊಡುತ್ತೀರಿ. ಮೊದಲ ಎರಡು ವರ್ಷ ಊರೆಲ್ಲ ನಿಮ್ಮನ್ನು ಹೊಗಳುತ್ತದೆ.

ಆಲ್ಬರ್ಟ್ ಪೂಹೋಲ್ಸ್ ಸೇಂಟ್ ಲೂಯಿಸ್ ತಂಡದಲ್ಲಿ ಹನ್ನೊಂದು ವರ್ಷ ಆಡಿ ಮೂರು ಸಲ ಅತ್ಯಮೂಲ್ಯ ಆಟಗಾರನಾದವನು. 2011ರ ಡಿಸೆಂಬರಿನಲ್ಲಿ ಏಂಜಲ್ಸ್ ತಂಡ ಅವನಿಗೆ ಹತ್ತು ವರ್ಷಕ್ಕೆ 24 ಕೋಟಿ ಡಾಲರ್ ಕೊಟ್ಟಿತು. ಆಗ ಅವನಿಗೆ ಮೂವತ್ತೆರಡು ತುಂಬುವುದರಲ್ಲಿತ್ತು. ಆಮೇಲೆ ಕಾಲು ನೋವು, ಮಂಡಿ ನೋವು, ವಯಸ್ಸು. ಹೊಸ ತಂಡದಲ್ಲಿ ಅವನು ಹಳೆಯ ಪೂಹೋಲ್ಸ್ ಆಗಲೇ ಇಲ್ಲ. ಸಂಬಳವೋ ವರ್ಷ ವರ್ಷ ಏರುವಂತೆ ಬರೆದಿದ್ದರು. ಕೊನೆಯ ವರ್ಷ, 2021ರಲ್ಲಿ, 3 ಕೋಟಿ. ಆ ವರ್ಷದ ಮೇ ತಿಂಗಳಲ್ಲಿ ಅವನನ್ನು ಮನೆಗೆ ಕಳಿಸಿದರು. ಹಣ ಮಾತ್ರ ಪೂರ್ತಿ ಕೊಡಲೇಬೇಕು. ಅಲ್ಲಿನ ಕರಾರು ಅಷ್ಟು ಗಟ್ಟಿ. ಡಾಡ್ಜರ್ಸ್ ತಂಡ ಅವನನ್ನು ಕನಿಷ್ಠ ಸಂಬಳಕ್ಕೆ ಎತ್ತಿಕೊಂಡಿತು. ಮರುವರ್ಷ ಹಳೆಯ ಸೇಂಟ್ ಲೂಯಿಸ್‌ಗೆ ಮರಳಿದವನು 700ನೇ ಹೋಮ್ ರನ್ ಹೊಡೆದು 703ಕ್ಕೆ ನಿಲ್ಲಿಸಿದ. ಅವನನ್ನು ಬಿಟ್ಟುಕೊಟ್ಟದ್ದಕ್ಕೆ ಪರಿಹಾರವಾಗಿ ಸೇಂಟ್ ಲೂಯಿಸ್‌ಗೆ ಒಂದು ಡ್ರಾಫ್ಟ್ ಅವಕಾಶ ಸಿಕ್ಕಿತ್ತು. ಅದರಲ್ಲಿ ಅವರು ಆರಿಸಿಕೊಂಡ ಮೈಕೇಲ್ ವಾಕಾ ಎಂಬ ಪಿಚರ್ 2013ರಲ್ಲಿ ತಂಡವನ್ನು ವರ್ಲ್ಡ್ ಸೀರೀಸಿಗೆ ಮುಟ್ಟಿಸಿದವರಲ್ಲಿ ಮುಖ್ಯ. ಬಿಟ್ಟವರಿಗೆ ಎರಡು ಸಲ ಲಾಭ. ಕಂಪ್ಯೂಟರ್ ಆಟದಲ್ಲಿ ನನ್ನ ಕಂಬಸಾಲಿನ ಬಲತುದಿಯಲ್ಲಿ ಒಂಟಿಯಾಗಿ ನಿಂತ ದೊಡ್ಡ ಅಂಕಿ ಕಂಡಾಗಲೆಲ್ಲ ನನಗೆ ನೆನಪಾಗುವವನು ಪೂಹೋಲ್ಸ್.

ಹಣವನ್ನು ಮುಂದಕ್ಕೆ ತಳ್ಳುವ ಚಾಳಿಯ ಬಗ್ಗೆಯೂ ಒಂದು ಮಾತು. ಬಾಬಿ ಬೋನಿಯಾ ಎಂಬ ಆಟಗಾರನಿಗೆ ನ್ಯೂಯಾರ್ಕ್ ಮೆಟ್ಸ್ 59 ಲಕ್ಷ ಡಾಲರ್ ಬಾಕಿ ಕೊಡಬೇಕಿತ್ತು. ಈಗ ಬೇಡ, ಶೇಕಡಾ 8 ಬಡ್ಡಿ ಸೇರಿಸಿ ಆಮೇಲೆ ಕೊಡುತ್ತೇವೆ ಎಂದು 2000ದಲ್ಲಿ ಒಪ್ಪಂದವಾಯಿತು. 2011ರಿಂದ 2035ರ ತನಕ ಪ್ರತಿ ಜುಲೈ 1ರಂದು ಅವನಿಗೆ 11 ಲಕ್ಷ 93 ಸಾವಿರ ಚಿಲ್ಲರೆ ಡಾಲರ್ ಸಂದಾಯವಾಗುತ್ತದೆ. ಮನುಷ್ಯ ಆಟ ಬಿಟ್ಟು ಎಷ್ಟೋ ಕಾಲವಾಯಿತು. ನ್ಯೂಯಾರ್ಕಿನವರು ಆ ದಿನವನ್ನು ಹಬ್ಬದಂತೆ ನೆನೆದು ನಗುತ್ತಾರೆ. 2023ರ ಡಿಸೆಂಬರಿನಲ್ಲಿ ಜಪಾನಿನ ಶೋಹೇ ಓಟಾನಿ ಡಾಡ್ಜರ್ಸ್ ಜೊತೆ ಹತ್ತು ವರ್ಷಕ್ಕೆ 70 ಕೋಟಿ ಡಾಲರಿನ ಕರಾರಿಗೆ ಸಹಿ ಹಾಕಿದಾಗ ಯಾರೂ ನಗಲಿಲ್ಲ. ವರ್ಷಕ್ಕೆ ಅವನು ಈಗ ತೆಗೆದುಕೊಳ್ಳುವುದು 20 ಲಕ್ಷ ಮಾತ್ರ. ಉಳಿದದ್ದು 2034ರಿಂದ 2043ರವರೆಗೆ, ಬಡ್ಡಿಯಿಲ್ಲದೆ. ಬಡ್ಡಿಯಿಲ್ಲದ ನಾಳಿನ ಹಣಕ್ಕೆ ಇಂದಿನ ಬೆಲೆ ಕಡಿಮೆಯಲ್ಲವೇ? ಹಾಗಾಗಿ ತೆರಿಗೆಯ ಲೆಕ್ಕದಲ್ಲಿ ಅವನ ವರ್ಷದ ಸಂಬಳ 7 ಕೋಟಿಯ ಬದಲು ಸುಮಾರು 4 ಕೋಟಿ 60 ಲಕ್ಷ ಎಂದಾಯಿತು.

ತೆರಿಗೆ ಎಂದೆ. ಮಿತಿಯಿಲ್ಲದ ಲೀಗಿನಲ್ಲಿ ಮಿತಿಯ ಜಾಗದಲ್ಲಿರುವುದು ಅದೇ. ತಂಡದ ಸಂಬಳದ ಮೊತ್ತ ಒಂದು ಗೆರೆ ದಾಟಿದರೆ, ದಾಟಿದ ಭಾಗಕ್ಕೆ ದಂಡ. 2025ರಲ್ಲಿ ಆ ಗೆರೆ 24 ಕೋಟಿ 10 ಲಕ್ಷ ಡಾಲರ್. ಮೊದಲ ಸಲ ದಾಟಿದವರಿಗೆ ಶೇ. 20, ಎರಡನೇ ವರ್ಷವೂ ದಾಟಿದರೆ ಶೇ. 30, ಮೂರನೆಯದಕ್ಕೆ ಶೇ. 50. ಇನ್ನೂ ಮೇಲೆ ಹೋದರೆ ಹೆಚ್ಚುವರಿ ಹಂತಗಳು. ವರ್ಷ ವರ್ಷವೂ ದಾಟುವ ತಂಡ ಅತಿ ಮೇಲಿನ ಹಂತಕ್ಕೆ ಹೋದರೆ ಶೇ. 110. ಅಂದರೆ ಆಟಗಾರನಿಗೆ ಒಂದು ಡಾಲರ್ ಕೊಟ್ಟರೆ ತಂಡಕ್ಕೆ ಬೀಳುವುದು ಎರಡು ಡಾಲರ್ ಹತ್ತು ಸೆಂಟು. ಆದರೂ ಕೊಡುವವರಿದ್ದಾರೆ!

ಕಂಪ್ಯೂಟರ್ ಆಟದಲ್ಲಿ ನೀವು ಮಾಲೀಕರಲ್ಲ, ಮಾಲೀಕನ ನೌಕರ. ವರ್ಷದ ಮುಂಗಡಪತ್ರ ಅವನು ಕೊಡುತ್ತಾನೆ. ಟಿಕೆಟ್ಟು, ಪ್ರಸಾರದ ಹಕ್ಕು, ಅಂಗಿ ಟೋಪಿ ಮಾರಾಟ, ಇವುಗಳಿಂದ ಬಂದದ್ದರಲ್ಲಿ ಸಂಬಳ, ತರಬೇತುದಾರರು, ಹೊಸ ಹುಡುಗರ ಹುಡುಕಾಟ ಎಲ್ಲ ನಡೆಯಬೇಕು. ಅವನಿಗೂ ಸ್ವಭಾವವಿದೆ; ಉದಾರಿ ಇದ್ದಾನೆ, ಜಿಪುಣ ಇದ್ದಾನೆ. ಮೂರು ವರ್ಷ ಸೋತರೆ ನಿಮ್ಮನ್ನೇ ಮನೆಗೆ ಕಳಿಸುತ್ತಾನೆ.

ಈ ಆಟದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಮಾತ್ರ ಪಂದ್ಯವೂ ಅಲ್ಲ, ಚೌಕಾಸಿಯೂ ಅಲ್ಲ. ಹೊಸ ಲೀಗು ಶುರುಮಾಡುವಾಗ ಬರುವ ನಿಯಮಗಳ ಪುಟ. ಸಂಬಳಕ್ಕೆ ಮಿತಿ ಬೇಕೇ, ಬೇಡವೇ? ಮಧ್ಯಸ್ಥಿಕೆ ಇರಲೋ? ಫ್ರೀ ಏಜೆಂಟ್ ಆಗಲು ಎಷ್ಟು ವರ್ಷ ಸೇವೆ? ‘ರಿಸರ್ವ್ ಕ್ಲಾಜ್’ ಜಾರಿಯಲ್ಲಿರಬೇಕೇ? ಪುಟ್ಟ ಚೌಕಗಳು. ಟಿಕ್ ಹಾಕಿದರೆ ಹೌದು, ತೆಗೆದರೆ ಇಲ್ಲ. ಈ ಒಂದೊಂದು ಚೌಕಕ್ಕಾಗಿ ಅಲ್ಲಿ ಮನುಷ್ಯರು ಬದುಕು ಸವೆಸಿದ್ದಾರೆ.

ರಿಸರ್ವ್ ಕ್ಲಾಜ್ ಎಂದರೆ ಆಟಗಾರನ ಕರಾರಿನಲ್ಲಿದ್ದ ಒಂದು ಕಲಮು. 1879ರಲ್ಲಿ ತಂಡಕ್ಕೆ ಐದು ಆಟಗಾರರಂತೆ ಶುರುವಾದ ಏರ್ಪಾಡು ಕ್ರಮೇಣ ಎಲ್ಲರನ್ನೂ ಸುತ್ತಿಕೊಂಡಿತು. ಕರಾರು ಮುಗಿದ ಮೇಲೂ ಅದೇ ತಂಡ ಇನ್ನೊಂದು ವರ್ಷ ಮುಂದುವರಿಸಬಹುದು. ಆ ವರ್ಷ ಮುಗಿದ ಮೇಲೆ ಮತ್ತೊಂದು, ಹೀಗೆ ಅವನು ಆಟ ಬಿಡುವ ತನಕ. ತಂಡ ಅವನನ್ನು ಮಾರಬಹುದು, ಅವನು ತಂಡ ಬಿಡುವ ಹಾಗಿಲ್ಲ. ಸೇಂಟ್ ಲೂಯಿಸ್‌ನಲ್ಲಿ ಹನ್ನೆರಡು ವರ್ಷ ಆಡಿದ್ದ, ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಏಳು ಸಲ ಗೆದ್ದಿದ್ದ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರನನ್ನು 1969ರ ಅಕ್ಟೋಬರಿನಲ್ಲಿ ಒಂದು ಮಾತೂ ಕೇಳದೆ ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟರು. ಅವನ ಸಂಬಳ ಆಗ 90 ಸಾವಿರ ಡಾಲರ್. ಆ ಕಾಲಕ್ಕೆ ದೊಡ್ಡದು. ಹೋಗುವುದಿಲ್ಲ ಎಂದ. ಕೋರ್ಟಿಗೆ ಹೋದ. 1970ರ ಋತು ಪೂರ್ತಿ ಆಡಲಿಲ್ಲ. 1971ರಲ್ಲಿ ವಾಷಿಂಗ್ಟನ್ ತಂಡಕ್ಕೆ 13 ಪಂದ್ಯ ಆಡಿ ಬಿಟ್ಟ. 1972ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5–3ರ ತೀರ್ಪಿನಲ್ಲಿ ಅವನನ್ನು ಸೋಲಿಸಿತು. ಅವನ ಆಟದ ಬದುಕು ಆಗಲೇ ಮುಗಿದಿತ್ತು.

ಕೋರ್ಟಿನಲ್ಲಿ ಬೀಳದ ಗೋಡೆ ಇನ್ನೊಂದು ಬಾಗಿಲಿನಿಂದ ಬಿತ್ತು. ಡಾಡ್ಜರ್ಸ್‌ನ ಆಂಡಿ ಮೆಸ್ಸರ್‌ಸ್ಮಿತ್, ಮಾಂಟ್ರಿಯಲ್‌ನ ಡೇವ್ ಮೆಕ್‌ನ್ಯಾಲಿ ಎಂಬಿಬ್ಬರು ಪಿಚರುಗಳು 1975ರಲ್ಲಿ ಕರಾರಿಗೆ ಸಹಿಯನ್ನೇ ಹಾಕಲಿಲ್ಲ. ಒಂದು ವರ್ಷ ಮುಂದುವರಿಸುವ ಹಕ್ಕು ಎಂದರೆ ಒಂದೇ ವರ್ಷ ತಾನೇ, ಅದು ಮುಗಿಯಿತಲ್ಲ, ಇನ್ನು ನಾವು ಸ್ವತಂತ್ರರು ಎಂದರು. ಮಧ್ಯಸ್ಥಗಾರ ಪೀಟರ್ ಸೈಟ್ಸ್ 1975ರ ಡಿಸೆಂಬರ್ 23ರಂದು ಹೌದು ಎಂದರು. ಮಾಲೀಕರು ಕೂಡಲೇ ಮಾಡಿದ ಕೆಲಸವೆಂದರೆ ಸೈಟ್ಸ್ ಅವರನ್ನು ಕೆಲಸದಿಂದ ತೆಗೆದದ್ದು. ತೀರ್ಪು ಮಾತ್ರ ನಿಂತಿತು.

ಅದರ ಬೆನ್ನಿಗೆ ನಡೆದ ಮಾತುಕತೆ ಇನ್ನೂ ಸ್ವಾರಸ್ಯ. ಓಕ್‌ಲ್ಯಾಂಡಿನ ಮಾಲೀಕ ಚಾರ್ಲಿ ಫಿನ್ಲಿ, ಹಾಗಾದರೆ ಎಲ್ಲ ಆಟಗಾರರನ್ನೂ ಪ್ರತಿವರ್ಷ ಸ್ವತಂತ್ರರನ್ನಾಗಿ ಮಾಡಿಬಿಡೋಣ ಎಂದ. ಉಳಿದ ಮಾಲೀಕರು ಅವನಿಗೆ ತಲೆಕೆಟ್ಟಿದೆ ಎಂದುಕೊಂಡರು. ಯೂನಿಯನ್ನಿನ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಮಾತ್ರ ಒಳಗೊಳಗೇ ಬೆದರಿದರು. ಎಲ್ಲರೂ ಒಟ್ಟಿಗೆ ಪೇಟೆಗೆ ಬಂದರೆ ಯಾರಿಗೂ ಬೆಲೆ ಇರುವುದಿಲ್ಲ ಎನ್ನುವುದು ಉಕ್ಕಿನ ಕಾರ್ಮಿಕರ ಯೂನಿಯನ್ನಿನಿಂದ ಬಂದ ಆ ಅರ್ಥಶಾಸ್ತ್ರಿಗೆ ಗೊತ್ತಿತ್ತು. ಆರು ವರ್ಷದ ನಿಯಮ 1976ರಲ್ಲಿ ಬಂತು. ಪ್ರತಿ ಚಳಿಗಾಲ ಕೆಲವರು ಮಾತ್ರ ಪೇಟೆಯಲ್ಲಿ, ಕೊಳ್ಳುವವರು ಹಲವರು. ಮಿಲ್ಲರ್‌ಗೆ ಬೇಕಿದ್ದದ್ದೂ ಅದೇ. ಕಿರಿಯರ ಆರು ವರ್ಷ ಒತ್ತೆಯಿಟ್ಟು ಹಿರಿಯರಿಗೆ ಬೆಲೆ ಬಂತು ಎಂದು ಬೇಕಾದರೂ ಹೇಳಬಹುದು. ಬ್ರ್ಯಾಂಟ್‌ನ 171 ದಿನದ ಬೇರು ಇಳಿದಿರುವುದು ಇಲ್ಲಿಗೇ. ‘ಔಟ್ ಆಫ್ ದಿ ಪಾರ್ಕ್’ನಲ್ಲಿ ಆ ಆರನ್ನು ಒಂದಕ್ಕೆ ಇಳಿಸಿ ಫಿನ್ಲಿಯ ಲೀಗನ್ನು ಕಟ್ಟಿ ನೋಡಬಹುದು. ನಕ್ಷತ್ರಗಳ ಬೇಡಿಕೆ ಹೇಗೋ ನಿಲ್ಲುತ್ತದೆ. ಸಾಧಾರಣ ಆಟಗಾರರು ರಾಶಿ ಬಿದ್ದು ವಸಂತದ ಹೊತ್ತಿಗೆ ಕೇಳಿದಷ್ಟಕ್ಕೆ ಬರುತ್ತಾರೆ. ಮಿಲ್ಲರ್ ಹೆದರಿದ್ದು ಸುಮ್ಮನೆ ಅಲ್ಲ.

ಇನ್ನು ಸಂಬಳಕ್ಕೆ ಮಿತಿ ಎಂಬ ಚೌಕ. 1994ರಲ್ಲಿ ಮಾಲೀಕರು ಅದನ್ನು ತರಲು ಹೊರಟಾಗ ಆಟಗಾರರು ಆಗಸ್ಟ್ 12ರಿಂದ ಮುಷ್ಕರ ಹೂಡಿದರು. ಆ ವರ್ಷ ವರ್ಲ್ಡ್ ಸೀರೀಸೇ ನಡೆಯಲಿಲ್ಲ. ಎರಡು ಮಹಾಯುದ್ಧಗಳ ಕಾಲದಲ್ಲೂ ನಿಲ್ಲದಿದ್ದ ಪಂದ್ಯಾವಳಿ! ಮರುವರ್ಷ ವಸಂತದಲ್ಲಿ ಮಾಲೀಕರ ವಿರುದ್ಧ ತಡೆಯಾಜ್ಞೆ ಕೊಟ್ಟ ಜಿಲ್ಲಾ ನ್ಯಾಯಾಧೀಶೆ ಸೋನಿಯಾ ಸೊಟೊಮಯೊರ್, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದವರು. ಮಿತಿ ಬರಲಿಲ್ಲ. ಕಂಪ್ಯೂಟರಿನಲ್ಲಿ ನಾನು ಅದನ್ನು ಚಹಾ ಕುಡಿಯುತ್ತ ತರುತ್ತೇನೆ, ಬೇಸರವಾದರೆ ತೆಗೆಯುತ್ತೇನೆ.

ಈ ಆಟದ ಮೇಲೆ ನನಗಿರುವ ಒಂದು ತಕರಾರು ಇದರಿಂದಲೇ ಹುಟ್ಟಿದೆ. ಇಲ್ಲಿ ಕೂರಲು ಇರುವ ಕುರ್ಚಿ ಒಂದೇ, ಮಾಲೀಕನ ಪಕ್ಕದ್ದು. ಸಂಬಳ ಕೊಡುವುದನ್ನು ಕಲಿಯುತ್ತೇವೆ, ಪಡೆಯುವವನ ಕಡೆಯಿಂದ ಅದೇ ಕಾಗದ ಹೇಗೆ ಕಾಣುತ್ತದೆಂದು ಕಲಿಯುವುದಿಲ್ಲ. ಮೈನರ್ ಲೀಗಿನ ಹುಡುಗರನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ ನೂರಾರು ಹೆಸರು, ದೊಡ್ಡ ಸಂಬಳದ ಪಟ್ಟಿಯಲ್ಲಿ ಅವರ ಲೆಕ್ಕವೇ ಬರುವುದಿಲ್ಲ. ವಾಸ್ತವದಲ್ಲಿ ಅವರು 2022ರಲ್ಲಿ ಯೂನಿಯನ್ ಸೇರಿ 2023ರಲ್ಲಿ ಮೊದಲ ಒಪ್ಪಂದ ಮಾಡಿಕೊಂಡರು. ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿರುವವನ ಕನಿಷ್ಠ ಸಂಬಳ ಆಗ ವರ್ಷಕ್ಕೆ 17,500 ಡಾಲರಿನಿಂದ 35,800ಕ್ಕೆ ಏರಿತು. ಓಟಾನಿಯ 70 ಕೋಟಿಯ ಪಕ್ಕದಲ್ಲಿ ಈ ಅಂಕಿಯನ್ನೂ ಅದೇ ಪರದೆ ತೋರಿಸಿದ್ದರೆ ಆಟ ಇನ್ನಷ್ಟು ಕಷ್ಟವಾಗುತ್ತಿತ್ತು, ಇನ್ನಷ್ಟು ಚೆನ್ನಾಗಿಯೂ ಇರುತ್ತಿತ್ತು. ಒಬ್ಬ ಯೂನಿಯನ್ ಮುಖಂಡನಾಗಿಯೋ, ಆಟಗಾರನ ಏಜೆಂಟನಾಗಿಯೋ ಆಡುವ ಅವಕಾಶ ಕೊಟ್ಟರೆ ನಾನಂತೂ ಮೊದಲ ಗಿರಾಕಿ.

ಹಾಗೆಂದು ಬ್ರ್ಯಾಂಟ್‌ನ ಸೋಲು ಪೂರ್ತಿ ವ್ಯರ್ಥವಾಗಲಿಲ್ಲ. ಮಾಲೀಕರು 99 ದಿನ ಬೀಗ ಹಾಕಿದ್ದ ಲೀಗು 2022ರ ಮಾರ್ಚಿನಲ್ಲಿ ತೆರೆದಾಗ ಬಂದ ಹೊಸ ಒಪ್ಪಂದದಲ್ಲಿ ಒಂದು ಕಲಮು ಸೇರಿತು. ಶ್ರೇಷ್ಠ ಹೊಸಬನ ಆಯ್ಕೆಯಲ್ಲಿ ಮೊದಲ ಎರಡು ಸ್ಥಾನ ಪಡೆದವನಿಗೆ, ಅವನು ಎಷ್ಟು ದಿನ ಆಡಿರಲಿ, ಇಡೀ ವರ್ಷದ ಸೇವೆ ಲೆಕ್ಕಕ್ಕೆ. ಒಳ್ಳೆಯ ಹುಡುಗನನ್ನು ಮೊದಲ ದಿನವೇ ಆಡಿಸಿದ ತಂಡಕ್ಕೆ ಹೆಚ್ಚುವರಿ ಡ್ರಾಫ್ಟ್ ಅವಕಾಶ ಸಿಗುವ ದಾರಿಯೂ ಆಯಿತು. ಆ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಸಂಬಳಕ್ಕೆ ಮಿತಿ ಬೇಕೆಂಬ ಮಾತು ಮಾಲೀಕರ ಕಡೆಯಿಂದ ಮತ್ತೆ ಕೇಳಿಬರುತ್ತಿದೆ. ಬೇಡವೆಂಬ ಆಟಗಾರರ ಮಾತು 1994ರಿಂದ ಬದಲಾಗಿಲ್ಲ. ಯಾರು ಗೆದ್ದರೂ ಆಟ ತಯಾರಿಸುವವರು ನಿಯಮಗಳ ಪುಟವನ್ನು ಇನ್ನೊಮ್ಮೆ ತಿದ್ದಬೇಕಾಗುತ್ತದೆ. ಯಾವ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿರುತ್ತದೆ ಎಂದು ನೋಡಲು ನಾನು ಆ ಆವೃತ್ತಿಯನ್ನು ಕೊಳ್ಳುವವನೇ.